ಉಡುಪೂ ಒಂದು ದಾಖಲೆ

ಇತಿಹಾಸ ಎಂದೊಡನೆ ನಿಮಗೆ ನೆನಪಾಗುವುದು ರಾಜರು, ಯುದ್ಧಗಳು, ಇಸವಿಗಳು. ಆ ರಾಜ ಏನು ಉಡುತ್ತಿದ್ದ, ಅವನ ನಾಡಿನ ಒಕ್ಕಲಿಗ ಏನು ಉಡುತ್ತಿದ್ದ ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಹಾಗೆಂದು ಇದು ಹಗುರವಾದ ಪ್ರಶ್ನೆಯಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ವಸ್ತ್ರಗಳಿಗೆಂದು ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಅಹಮದಾಬಾದಿನ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯ 1949ರಲ್ಲಿ ಆರಂಭವಾಯಿತು. ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ 1951ರಲ್ಲಿ ಭಾರತೀಯ ಉಡುಪನ್ನು ಕುರಿತೇ ಒಂದು ಗ್ರಂಥ ಪ್ರಕಟಿಸಿದರು.

ಈಗ ಹಾನಗಲ್ಲಿಗೆ ಬನ್ನಿ. ಸೋಮೇಶ್ವರನ ಕಾಲದಲ್ಲಿ ಇಲ್ಲಿದ್ದವರು ಚಾಲುಕ್ಯರ ಸಾಮಂತರಾದ ಕದಂಬರು. ತಾರಕೇಶ್ವರ ದೇವಾಲಯದ ಶಿಲ್ಪಗಳನ್ನೂ ಈ ಸೀಮೆಯ ವೀರಗಲ್ಲುಗಳನ್ನೂ ಉಡುಪಿಗಾಗಿಯೇ ಒಮ್ಮೆ ನೋಡಿ. ಬಿಗಿದ ಕಚ್ಚೆ, ಸೊಂಟಪಟ್ಟಿ, ಕಟ್ಟಿದ ತುರುಬು ಕಣ್ಣಿಗೆ ಬೀಳುತ್ತವೆ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆಯ ಕೆತ್ತನೆಗಳಿವೆ, ಅವೂ ನೋಡತಕ್ಕವು. ಆದರೆ ಎಚ್ಚರವಿರಲಿ. ಶಿಲ್ಪಿ ಸಂಪ್ರದಾಯಕ್ಕೆ ಕಟ್ಟುಬಿದ್ದವನು, ಕಂಡದ್ದನ್ನೆಲ್ಲ ಕಂಡಂತೆ ಕೆತ್ತಿದವನಲ್ಲ.

ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಪೈಜಾಮ, ರುಮಾಲು ಎಂಬ ಮಾತುಗಳು ಪಾರಸಿಯಿಂದ ಬಂದವು. ಪಾರಸಿಯಲ್ಲಿ ರುಮಾಲು ಎಂದರೆ ಮುಖ ಒರೆಸುವ ವಸ್ತ್ರ. ನಮ್ಮಲ್ಲಿ ಅದು ತಲೆಗೇರಿತು!

ಕಲ್ಲು ಉಳಿಯಿತು, ಬಟ್ಟೆ ಏಕೆ ಉಳಿಯಲಿಲ್ಲ? ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸ್. ತೇವ ತಗುಲಿದರೆ ಬೂಷ್ಟು ಅದನ್ನು ತಿನ್ನುತ್ತದೆ, ಬೆಳಕು ಬಣ್ಣವನ್ನು ಕೆಡಿಸುತ್ತದೆ. ಆದುದರಿಂದಲೇ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ಮಡಚಿಟ್ಟರೆ ಮಡಿಕೆಯಲ್ಲಿ ಎಳೆ ಕಡಿಯುತ್ತದೆಂದು ಸುರುಳಿ ಸುತ್ತಿಡುತ್ತಾರೆ.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಜನ ತಮ್ಮ ತಮ್ಮ ಉಡುಪಿನಲ್ಲಿ, ಆಳೆತ್ತರದ ಶಿಲ್ಪಗಳಾಗಿ ಅಲ್ಲಿ ನಿಂತಿದ್ದಾರೆ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಅದೇ ಊರಿನಲ್ಲಿದೆ. ಧೋತರ ಉಡುವ ಬಗೆ, ಸೆರಗು ಹೊದೆಯುವ ಬಗೆ ಶಿಲ್ಪದಲ್ಲಿ ಉಳಿಯುತ್ತದೆ, ಒಳ್ಳೆಯದೇ. ನೇಯ್ಗೆ ಮಾತ್ರ ಉಳಿಯುವುದಿಲ್ಲ. ಇಳಕಲ್ ಸೀರೆಯ ಹತ್ತಿಯ ಒಡಲಿಗೂ ರೇಷ್ಮೆಯ ಸೆರಗಿಗೂ ಹಾಸಿನ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿಯನ್ನು ಕಾಣಬೇಕಾದರೆ ಸೀರೆಯೇ ಬೇಕು.

ಆ ಸೀರೆಯಾದರೋ ಹಳತಾದೊಡನೆ ಪಾತ್ರೆ ಮಾರುವವಳ ಗಂಟು ಸೇರುತ್ತದೆ. ಒಂದು ಸ್ಟೀಲ್ ಡಬರಿಗೆ ಮೂರು ಸೀರೆ! ಹಾಗೆ ಹೋಗದೆ ಉಳಿದವು ಕೌದಿಯಾಗುತ್ತವೆ. ನಿಮ್ಮ ಮನೆಯಲ್ಲಿ ಹಳೆಯ ಕೌದಿಯಿದ್ದರೆ ಹಗಲು ಬೆಳಕಿನಲ್ಲಿ ಹಾಸಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ತುಂಡು ಯಾರ ಸೀರೆಯದು, ಯಾವುದು ಖಣದ ಕುಬಸದ್ದು, ಯಾವ ಸಂತೆಯಲ್ಲಿ ಕೊಂಡದ್ದು, ಆಗ ಬೆಲೆ ಎಷ್ಟಿತ್ತು ಎಂದು ಕೇಳಿ ಬರೆದುಕೊಳ್ಳಿ. ಕೆಲವು ತುಂಡುಗಳ ಗುರುತು ಅವರೊಬ್ಬರಿಗೇ ಇರುತ್ತದೆ.