ಅರ್ಧ ಬಾಟ್ಜನ್, ಹಿಡಿ ಅಕ್ಕಿ, ಹೊರೆಕಾಣಿಕೆ: ದೇಣಿಗೆ ಕೇಳುವುದಕ್ಕೂ ಒಂದು ಚರಿತ್ರೆ ಉಂಟು

1/6
ತಿಂಗಳು ತಿಂಗಳು ಅಕೌಂಟಿನಿಂದ ತನ್ನಷ್ಟಕ್ಕೇ ನೂರು ರೂಪಾಯಿ ಕಟ್ ಆಗಿ ಸಂಸ್ಥೆಗೆ ಹೋಗುವ ಆಟೋಪೇ ದೇಣಿಗೆ ಉಂಟಲ್ಲ, ಅದು ಆ್ಯಪ್ ಮಾಡಿದವರ ಐಡಿಯಾ ಅಂದ್ಕೊಂಡಿದ್ದೀರಾ? ಅಲ್ಲ ಮಾರ್ರೆ. ಅದರ ಹಳೇ ರೂಪ ಒಂದು 1855ರಲ್ಲೇ ಶುರುವಾಗಿತ್ತು, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದಲ್ಲಿ. ಅದಕ್ಕೂ ನಮ್ಮ ಮಂಗಳೂರಿಗೂ ನೇರ ಸಂಬಂಧ ಉಂಟು.

ಬಾಸೆಲ್ ಮಿಷನ್ ಹೆಸರು ಎಲ್ಲರೂ ಕೇಳಿದ್ದೀರಿ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಇದನ್ನೆಲ್ಲ ಶಾಲೆಯಲ್ಲೇ ಓದಿದ್ದೇವೆ. ಆದರೆ ಬಿಕಾಂನವರು ಕೇಳಬೇಕಾದ ಪ್ರಶ್ನೆ ಬೇರೆಯೇ: ಮಿಷನ್‌ಗೆ ದುಡ್ಡು ಎಲ್ಲಿಂದ ಬಂತು? ಅದನ್ನು ಕೇಳಿದ್ದು ಹೇಗೆ?

2/6
ಕೇಳಿದ್ದು ಬಹಳ ಚಿಕ್ಕದಾಗಿ. ಕಾರ್ಲ್ ಸಾರಸಿನ್ ಎಂಬ ಬಾಸೆಲಿನ ಉದ್ಯಮಿ ಒಂದು ಯೋಜನೆ ಮಾಡಿದರು, ‘ಅರ್ಧ ಬಾಟ್ಜನ್ ಸಂಗ್ರಹ’ ಅಂತ. ಬಾಟ್ಜನ್ ಅಂದರೆ ಅಲ್ಲಿನ ಹಳೇ ನಾಣ್ಯ. ಅರ್ಧ ಬಾಟ್ಜನ್ ಅಂದರೆ 5 ರಾಪ್ಪನ್, ನಮ್ಮ ಚಿಲ್ಲರೆ ಪೈಸೆ ಹಾಗೆ. ವಾರಕ್ಕೆ ಅಷ್ಟೇ ಕೊಟ್ಟರೆ ಸಾಕು. ಪರಿಚಯದ ಮನೆಗಳಿಂದ ಒಬ್ಬರು ಸಂಗ್ರಹ ಮಾಡುವುದು, ಜೊತೆಗೆ ಮಿಷನ್ ಸುದ್ದಿಯ ಒಂದು ಅಚ್ಚಾದ ಹಾಳೆ ಕೊಡುವುದು. ಲೆಕ್ಕ ಹಾಕಿ: 52 ವಾರಕ್ಕೆ 2 ಫ್ರಾಂಕ್ 60 ರಾಪ್ಪನ್. ಒಟ್ಟಿಗೆ ಕೇಳಿದ್ದರೆ ಬಡವರು ಬಾಗಿಲು ಹಾಕ್ತಿದ್ದರು. ವಾರಕ್ಕೆ ಅರ್ಧ ಬಾಟ್ಜನ್ ಅಂದಾಗ ಕೂಲಿಯವರಿಗೂ ‘ನಾನೂ ಕೊಟ್ಟೆ’ ಅನ್ನಲಿಕ್ಕೆ ಆಯಿತು.

ಈಗ ಮಿಜೋರಾಂಗೆ ಬನ್ನಿ. ಅಲ್ಲಿಯ ಹಳ್ಳಿಗಳಲ್ಲಿ ಕೈಯಲ್ಲಿ ನಾಣ್ಯ ಓಡಾಡುವುದೇ ಕಮ್ಮಿ. ಅದಕ್ಕೆ 1910ರಲ್ಲಿ ಅಲ್ಲಿನ ಚರ್ಚಿನವರು ‘ಬುಹ್‌ಫಾಯ್ ಥಾಮ್’ ಶುರು ಮಾಡಿದರು. ಅಂದರೆ ಹಿಡಿ ಅಕ್ಕಿ. ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಬೇರೆ ತೆಗೆದಿಡುವುದು. ಸೇರಿದ ಅಕ್ಕಿಯನ್ನು ಮಾರಿ ಚರ್ಚಿನ ಖರ್ಚಿಗೆ ಬಳಸುವುದು. ಇವತ್ತಿಗೂ ಅದು ನಡೀತಾ ಉಂಟು.

ಎರಡೂ ಕಡೆ ಉದ್ದೇಶ ಒಂದೇ, ಅಳತೆ ಮಾತ್ರ ಬೇರೆ. ಬಾಸೆಲಿನಲ್ಲಿ ಕಿಸೆಯ ನಾಣ್ಯ, ಮಿಜೋರಾಂನಲ್ಲಿ ಅಡುಗೆಮನೆಯ ಹಿಡಿ. ಆಯಾ ಮನೆಯಲ್ಲಿ ಮೊದಲೇ ಇದ್ದ ಅಳತೆಯಲ್ಲೇ ಕೇಳಿದರು, ಅದಕ್ಕೇ ಜನ ಕೊಟ್ಟರು.

3/6
ನಮ್ಮ ಕಡೆ ಈ ಅಳತೆ ಎಂತದು ಹೇಳಿ? ಬ್ರಹ್ಮಕಲಶ ಬಂದರೆ ಹೊರೆಕಾಣಿಕೆ! ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ತರಕಾರಿ ಪಿಕಪ್‌ನಲ್ಲಿ ತುಂಬಿಸಿ ಊರಿಗೆ ಊರೇ ಮೆರವಣಿಗೆಯಲ್ಲಿ ಹೋಗ್ತದೆ. ಕೊಟ್ಟವರ ಹೆಸರು ಮೈಕಲ್ಲಿ ಹೇಳ್ತಾರೆ. ಹಣ ಆದರೆ ನೂರು ಅಲ್ಲ, ನೂರ ಒಂದು. ಚರ್ಚಿನ ಹಬ್ಬದಲ್ಲಿ ತೋಟದ ಫಲ ಏಲಂ ಆಗ್ತದೆ, ಒಂದು ಕುಂಬಳಕಾಯಿಗೆ ಯಾರೂ ಅಂಗಡಿಯಲ್ಲಿ ಕೊಡದ ರೇಟು! ಮಸೀದಿಯ ಕಡೆ ಝಕಾತಿಗೆ ಲೆಕ್ಕವೇ ಉಂಟು, ಉಳಿತಾಯದ ಶೇಕಡಾ 2.5. ರಂಜಾನ್ ತಿಂಗಳಲ್ಲಿ ಅದನ್ನು ಕೊಡುವವರು ಜಾಸ್ತಿ. ಧರ್ಮಸ್ಥಳದ ಹೆಸರು ಹೇಳಿದರೆ ಅನ್ನ, ಔಷಧ, ವಿದ್ಯೆ, ಅಭಯ ಎಂಬ ನಾಲ್ಕು ದಾನ ಬಾಯಿಗೆ ಬರ್ತದೆ.

ಹಾಗೇ ಇನ್ನೊಂದು ಮಾತೂ ನಮ್ಮಲ್ಲೇ ಉಂಟು: ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು. ಒಬ್ಬರಿಗೆ ಮೈಕಲ್ಲಿ ಹೆಸರು ಬರುವುದು ಗೌರವ, ಇನ್ನೊಬ್ಬರಿಗೆ ಅದೇ ಮುಜುಗರ. ಮುಂಡಾಜೆಯಿಂದ ಉಜಿರೆಗೆ ಹೋಗುವಷ್ಟರಲ್ಲಿ ಇಷ್ಟು ವ್ಯತ್ಯಾಸ ಸಿಗ್ತದೆ. ಒಂದೇ ಪೋಸ್ಟರನ್ನು ದುಬೈ, ಲಂಡನ್, ಮುಂಬೈಗೆಲ್ಲ ಫಾರ್ವರ್ಡ್ ಮಾಡಿದರೆ ಹೇಗೆ ಹಿಡಿಸೀತು?

4/6
ಇನ್ನು ಈ ಚರಿತ್ರೆಯ ಕಹಿ ಭಾಗ. ಅರ್ಧ ಬಾಟ್ಜನ್ ಕೊಟ್ಟವರ ಮರ್ಯಾದೆ ಉಳಿಯಿತು. ಯಾರ ಹೆಸರಲ್ಲಿ ಕೇಳಿದರೋ ಅವರದ್ದು?

ಜರ್ಮನಿ, ಸ್ವಿಟ್ಜರ್‌ಲ್ಯಾಂಡಿನ ಚರ್ಚುಗಳಲ್ಲಿ ಒಂದು ನಮೂನೆಯ ಕಾಣಿಕೆ ಡಬ್ಬಿ ಇತ್ತು. ಮೇಲೆ ಒಂದು ಗೊಂಬೆ, ಹೆಚ್ಚಾಗಿ ಮೊಣಕಾಲೂರಿದ ಆಫ್ರಿಕಾದ ಮಗು. ನಾಣ್ಯ ಹಾಕಿದರೆ ಗೊಂಬೆ ತಲೆ ಆಡಿಸಿ ಥ್ಯಾಂಕ್ಸ್ ಹೇಳ್ತದೆ. ಮಕ್ಕಳಿಗೆ ಅದು ಆಟದ ಸಾಮಾನು. ಆ ಮಕ್ಕಳು ಕಲಿತದ್ದು ಎಂತ? ಕಪ್ಪು ಜನ ಅಂದರೆ ಬಗ್ಗಿ ತಲೆ ಆಡಿಸುವವರು ಅಂತ.

1876–78ರ ದೊಡ್ಡ ಬರ ನೆನಪಿಸಿಕೊಳ್ಳಿ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ, 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಆ ಬರದಲ್ಲಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮದ್ರಾಸ್ ಕಡೆ ಎಲುಬು ಕಾಣುವ ಜನರನ್ನು ಸಾಲಾಗಿ ಕೂರಿಸಿ ಫೋಟೋ ತೆಗೆದ. ಇಂಗ್ಲೆಂಡಿನ ಪತ್ರಿಕೆಗಳಲ್ಲೂ ಬರದ ಚಿತ್ರಗಳು ಬಂದವು. ಲಂಡನ್ನಿನ ಮೇಯರ್ 1877ರಲ್ಲಿ ಶುರು ಮಾಡಿದ ನಿಧಿಗೆ ಲಕ್ಷಗಟ್ಟಲೆ ಪೌಂಡ್ ಸೇರಿತು. ಅದರಿಂದ ಜೀವ ಉಳಿದದ್ದೂ ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ಆ ಫೋಟೋದಲ್ಲಿ ಕೂತವರ ಹೆಸರು ನಮಗೆ ಗೊತ್ತಿಲ್ಲ. ‘ತೆಗೀಲಾ’ ಅಂತ ಅವರನ್ನು ಯಾರು ಕೇಳಿಯಾರು? ಲಂಡನ್ನಿನಲ್ಲಿ ತಮ್ಮ ಚಿತ್ರ ನೋಡಿ ಜನ ಅಳ್ತಾರೆ ಅಂತಲೂ ಅವರಿಗೆ ಗೊತ್ತಿರಲಿಕ್ಕಿಲ್ಲ.

5/6
ಈಗ ಹಾಗಿಲ್ಲ. ಕೇಳುವವರು, ಕೊಡುವವರು, ಫೋಟೋದಲ್ಲಿ ಇರುವವರು ಎಲ್ಲರ ಕೈಯಲ್ಲೂ ಮೊಬೈಲ್ ಉಂಟು. 2012ರಲ್ಲಿ ನಾರ್ವೆಯ ವಿದ್ಯಾರ್ಥಿಗಳ ಒಂದು ಸಂಸ್ಥೆ ಮಜವಾದ ವಿಡಿಯೋ ಮಾಡಿತು. ಅದರಲ್ಲಿ ಆಫ್ರಿಕಾದ ಯುವಕರು ಹಾಡ್ತಾರೆ: ಪಾಪ, ನಾರ್ವೆಯವರು ಚಳಿಯಲ್ಲಿ ನಡುಗ್ತಾ ಇದ್ದಾರೆ, ಬನ್ನಿ, ಅವರಿಗೆ ಹೀಟರ್ ಕಳಿಸೋಣ! ನಗು ಬರ್ತದೆ. ಒಂದು ದೇಶದ ಕಷ್ಟವನ್ನು ಮಾತ್ರ ತೋರಿಸ್ತಾ ಇದ್ದರೆ ಇಡೀ ದೇಶವೇ ಹಾಗೆ ಕಾಣ್ತದೆ ಅಂತ ಅದರ ಅರ್ಥ.

ನಮಗೂ ಆ ಕಡೆ ನಿಲ್ಲುವ ದಿನ ಬಂದಿತ್ತು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿಗೆ ನೆರೆ ಬಂತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ನಾವೆಲ್ಲ ಆಗ ಶಾಲೆ ಮಕ್ಕಳು. ಅಷ್ಟರವರೆಗೆ ಬೇರೆಯವರಿಗೆ ಕೊಡುತ್ತಿದ್ದ ತಾಲೂಕು ಆ ವಾರ ಫೋಟೋದ ಒಳಗೆ ಇತ್ತು. ಮನೆ ಕಳಕೊಂಡವರ ಮುಖ ಸ್ಟೇಟಸ್‌ನಲ್ಲಿ ಓಡುವಾಗ ಅವರು ಯಾರದ್ದೋ ಚಿಕ್ಕಮ್ಮ, ಯಾರದ್ದೋ ಮಾವ ಅಂತ ನಮಗೆ ಗೊತ್ತಿರ್ತದೆ. ಹೊರಗಿನವರಿಗೆ ಅವರು ‘ಸಂತ್ರಸ್ತರು’ ಅಷ್ಟೇ.

6/6
ಹಾಗಾದರೆ ಕೇಳುವುದೇ ಬೇಡವಾ? ಕೇಳಬೇಕು. ಕೇಳದಿದ್ದರೆ ಆಪರೇಷನ್ ಆಗುವುದಿಲ್ಲ, ಫೀಸ್ ಕಟ್ಟಲಿಕ್ಕಾಗುವುದಿಲ್ಲ. ಆದರೆ ಆಯಾ ಊರಿಗೆ ತಕ್ಕ ಹಾಗೆ ಕೇಳಿ.

ಕಾನೂನೂ ಊರಿಂದ ಊರಿಗೆ ಬೇರೆ. ಯುಎಇಯಲ್ಲಿ 2021ರ ಕಾನೂನಿನ ಪ್ರಕಾರ ಅನುಮತಿ ಇರುವ ಸಂಸ್ಥೆಗಳು ಮಾತ್ರ ದೇಣಿಗೆ ಸಂಗ್ರಹಿಸಬಹುದು. ‘ನಿಮ್ಮ ದುಬೈ ಗ್ರೂಪಲ್ಲಿ ಕಲೆಕ್ಷನ್ ಮಾಡಿ ಅಣ್ಣ’ ಅಂತ ಮೆಸೇಜ್ ಹಾಕಿದರೆ ಅಣ್ಣನನ್ನೇ ತೊಂದರೆಗೆ ಹಾಕಿದ ಹಾಗೆ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಅಲ್ಲಿನ ಮಾನ್ಯ ಸಂಸ್ಥೆಗೆ 1 ಪೌಂಡ್ ಕೊಟ್ಟು ‘ಗಿಫ್ಟ್ ಏಡ್’ ಫಾರ್ಮ್ ತುಂಬಿದರೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸೇರ್ತದೆ. ಅಲ್ಲಿನ ಪೌರತ್ವ ಪಡೆದ ಅಕ್ಕ ನಮ್ಮೂರ ಟ್ರಸ್ಟಿಗೆ ನೇರ ಹಣ ಹಾಕಿದರೆ ಅದು ವಿದೇಶಿ ದೇಣಿಗೆ. ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಬೇಕು, 2020ರ ತಿದ್ದುಪಡಿ ಆದ ಮೇಲೆ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅಣ್ಣ ತನ್ನ ದುಡಿಮೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ.

ಹಾಗಾಗಿ ಭಾಷೆ, ಮೊತ್ತ, ಖಾತೆ ಎಲ್ಲ ಬದಲಾಗಲಿ. ಒಂದನ್ನು ಮಾತ್ರ ಯಾವ ದೇಶಕ್ಕೂ ಬದಲಾಯಿಸಬೇಡಿ. ಯಾರ ಬಗ್ಗೆ ಬರೆದಿದ್ದೀರೋ ಅವರ ಎದುರು ನಿಂತು ಅದನ್ನು ಜೋರಾಗಿ ಓದಲಿಕ್ಕೆ ಆಗಬೇಕು. ಹುಷಾರಾಗಿ ಶಾಲೆಗೆ ವಾಪಸ್ ಬರುವ ಹುಡುಗಿಯ ಆಸ್ಪತ್ರೆ ಫೋಟೋ ಇಡೀ ಕ್ಲಾಸಿನ ಮೊಬೈಲಲ್ಲಿ ಇರುವುದು ಬೇಡ. ಕಾಯಿಲೆ ಹೆಸರು, ಬೇಕಾದ ಮೊತ್ತ, ಆಸ್ಪತ್ರೆಯ ಖಾತೆ, ಎಷ್ಟು ಸೇರಿತು ಎಂಬ ಲೆಕ್ಕ ಇದ್ದರೆ ಸಾಕು. ಮೊತ್ತ ಸೇರಿದ ದಿನ ಪೋಸ್ಟ್ ತೆಗೆದುಬಿಡಿ.

ನಿಮ್ಮ ಮನೆ ಕಡೆ ದೇಣಿಗೆ ಕೇಳುವ ಕ್ರಮ ಎಂತದು? ಕಮೆಂಟಲ್ಲಿ ಹೇಳಿ, ಅಜ್ಜಿಯಂದಿರನ್ನು ಕೇಳಿಯೇ ಹೇಳಿ.

#ಮುಂಡಾಜೆ #ಬೆಳ್ತಂಗಡಿ #ಊರಿನಚರಿತ್ರೆ