ಎಣಿಕೆಯಲ್ಲಿ ನಾವೆಲ್ಲಿ?



ನಾವು ಅನ್ನ ಉಣ್ಣುತ್ತಿರುವ ಈ ಬಹರೈನ್ ಎಷ್ಟು ದೊಡ್ಡದು? ಸುಮಾರು 780 ಚದರ ಕಿಲೋಮೀಟರ್, ಅಂದರೆ ನಮ್ಮ ಉಡುಪಿ ಜಿಲ್ಲೆಯ ಐದನೇ ಒಂದು ಪಾಲು. ಇಲ್ಲಿ ಮೊದಲ ಜನಗಣತಿ ನಡೆದದ್ದು 1941ರಲ್ಲಿ. ಅಂದಿನ ಜನಸಂಖ್ಯೆ 89,970; ಅವರಲ್ಲಿ ಹೊರನಾಡಿಗರು 15,930. 2020ರ ಗಣತಿಯಲ್ಲಿ ಒಟ್ಟು 15,01,635, ಹೊರನಾಡಿಗರು 7,89,273. ಅಂದು ನೂರಕ್ಕೆ ಹದಿನೆಂಟು ಇದ್ದದ್ದು 2020ಕ್ಕೆ ಐವತ್ಮೂರಾಯಿತು.

ಇದೆಲ್ಲ ಎಣ್ಣೆಯ ಮಹಿಮೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಎಣ್ಣೆಗೆ ಮೊದಲು ಇಲ್ಲಿ ಮುತ್ತಿನ ವ್ಯಾಪಾರವಿತ್ತು. ಮುತ್ತು ಮುಂಬಯಿಗೆ ಹೋಗುತ್ತಿತ್ತು. ಅಕ್ಕಿ, ಬಟ್ಟೆ ಅಲ್ಲಿಂದ ಬರುತ್ತಿತ್ತು. ಸಿಂಧ್ ಪ್ರಾಂತ್ಯದ ವರ್ತಕರು ಮನಾಮದಲ್ಲಿ ನೆಲೆಸಿದ್ದರು. ಅವರು ಕಟ್ಟಿದ ದೇವಸ್ಥಾನಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸ. ಪೇಟೆಯಲ್ಲಿ ಪರ್ಷಿಯಾದವರೂ ಯೆಹೂದಿಗಳೂ ಇದ್ದರು. 1965ರಲ್ಲಿ ದಿನಾರ್ ಬರುವ ತನಕ ಇಲ್ಲಿ ನಡೆಯುತ್ತಿದ್ದ ನಾಣ್ಯವೂ ರೂಪಾಯಿಯೇ.

ಜಪಾನಿನ ಕೃಷಿಮುತ್ತು ಬಂದು ಮುತ್ತಿನ ಪೇಟೆ ಕುಸಿಯಿತು. 1932ರಲ್ಲಿ ಎಣ್ಣೆ ಚಿಮ್ಮಿತು. ಗುಮಾಸ್ತರು, ಮೆಕ್ಯಾನಿಕ್‌ಗಳು ಬೇಕಾದರು. ಮುಂಬಯಿಯಿಂದ ಹಡಗು ಹತ್ತಿದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಈ ಹರಿವು ಪ್ರವಾಹವಾಯಿತು. 2001ರಲ್ಲಿ 6,50,604 ಇದ್ದ ಜನಸಂಖ್ಯೆ 2010ಕ್ಕೆ 12,34,571 ಆಯಿತು. ಒಂಬತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು!

ಇಷ್ಟೆಲ್ಲ ಅಂಕಿಗಳಲ್ಲಿ ಕನ್ನಡಿಗರೆಲ್ಲಿ? ಗಣತಿಯ ಮುಖ್ಯ ವಿಂಗಡಣೆ ಎರಡೇ: ಈ ನಾಡಿನ ಪ್ರಜೆಗಳು, ಉಳಿದವರು. ಉಳಿದವರ ಪಟ್ಟಿಯಲ್ಲಿ ನಾವು ಬರೀ ಭಾರತೀಯರು. ಆದರೆ ನಮ್ಮ ರಾಜ್ಯೋತ್ಸವದ ಊಟದ ಪಂಕ್ತಿಯನ್ನೊಮ್ಮೆ ನೋಡಿ. ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಕೊಂಕಣಿ, ಮತ್ತೊಬ್ಬರದು ಬ್ಯಾರಿ, ಭಟ್ಕಳದವರದು ನವಾಯತಿ. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಶಾಲೆಯಲ್ಲಿ ಕಲಿತ ಕನ್ನಡ. ಚಿಕ್ಕ ನಾಡಿನೊಳಗೆ ನಮ್ಮದು ಇನ್ನೂ ಚಿಕ್ಕ ಸಮುದಾಯ, ಅದರೊಳಗೂ ಇಷ್ಟು ಬಣ್ಣ. ನಮ್ಮ ಮಕ್ಕಳು ಆ ಶಾಲೆಗೆ ಹೋದವರಲ್ಲ. ಅವರನ್ನು ಒಂದೇ ಪಂಕ್ತಿಗೆ ಕರೆತರುವ ಹೊಣೆ ಈಗ ಮನೆಗಳದ್ದು.

ಇನ್ನೊಂದು ಮಾತು. ನಾವು ಇಲ್ಲಿ ಬೇರು ಬಿಟ್ಟವರಲ್ಲ. ಕೆಲಸ ಮುಗಿದರೆ ಊರಿಗೆ ಹೊರಡುವವರು. ಹಿರಿಯರೊಬ್ಬರು ವಿಮಾನ ಹತ್ತಿದರೆ ಅವರೊಂದಿಗೆ ನಲವತ್ತು ವರ್ಷಗಳ ನೆನಪೂ ಹೊರಟುಹೋಗುತ್ತದೆ. ಸರಕಾರ ತಲೆ ಎಣಿಸೀತು, ನೆನಪನ್ನು ಎಣಿಸಲಾರದು. ಆ ಕೆಲಸ ನಮ್ಮದೇ. ಪ್ರತಿ ಕುಟುಂಬವೂ ಒಂದು ಹಾಳೆ ಬರೆದಿಡಲಿ: ಮೊದಲು ಬಂದವರು ಯಾರು, ಯಾವ ಊರಿನಿಂದ, ಯಾವ ವರ್ಷ, ಯಾವ ಕೆಲಸಕ್ಕೆ, ಮನೆಮಾತು ಯಾವುದು. ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಬರೆಸಿದರೆ ಇನ್ನೂ ಚೆನ್ನ. ಹಾಳೆಗಳು ಒಟ್ಟಾದರೆ ಅದೇ ನಮ್ಮ ಜನಗಣತಿ, ಅದೇ ನಮ್ಮ ಇತಿಹಾಸ.