ಯಾವ ಈಸ್ಟ್ ಬೆಂಗಾಲ್ ದೊಡ್ಡದು? ಅಭಿಮಾನಿಗಳ ಹೋಲಿಕೆ ಮತ್ತು ಅದರ ಮಾನದಂಡಗಳು

ಪ್ರಸ್ತಾವನೆ

ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಒಂದು ವಾದವಿದೆ. 1920ರ ಆಗಸ್ಟ್ 1ರಂದು ಹುಟ್ಟಿದ ಈ ಕ್ಲಬ್ಬಿನ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ತಂಡ ಯಾವುದು? ಮೂರು ಉತ್ತರಗಳು ಮತ್ತೆ ಮತ್ತೆ ಬರುತ್ತವೆ. 1949ರಿಂದ 1953ರವರೆಗೆ ‘ಪಂಚಪಾಂಡವ’ರೆಂದು ಹೆಸರಾದ ಐವರು ಮುನ್ಪಡೆ ಆಟಗಾರರ ತಂಡ ಒಂದು. 1970ರಿಂದ 1975ರವರೆಗೆ ಸತತ ಆರು ಬಾರಿ ಕಲ್ಕತ್ತ ಲೀಗ್ ಗೆದ್ದ ತಂಡ ಇನ್ನೊಂದು. 2003ರಲ್ಲಿ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದುಬಂದ ತಂಡ ಮೂರನೆಯದು.

ಇದನ್ನು ಹೊತ್ತು ಕಳೆಯುವ ಮಾತೆಂದು ತಳ್ಳಿಹಾಕುವುದು ಸುಲಭ. ಮೂರು ಕಾಲದ ತಂಡಗಳು ಒಂದೇ ಮೈದಾನದಲ್ಲಿ ಎದುರಾಗಲಾರವು. ತರಬೇತಿ, ಆಟದ ವಿನ್ಯಾಸ, ಎದುರಾಳಿಗಳ ಬಲ ಎಲ್ಲವೂ ಬೇರೆ. ಹಾಗಿದ್ದರೂ ಈ ವಾದಕ್ಕಿಳಿದವರು ಪುರಾವೆ ಮುಂದಿಡುತ್ತಾರೆ, ಎದುರಿನವರ ಪುರಾವೆಯನ್ನು ಒರೆಗೆ ಹಚ್ಚುತ್ತಾರೆ, ಯಾವ ಗೆಲುವಿಗೆ ಎಷ್ಟು ತೂಕವೆಂದು ಚರ್ಚಿಸುತ್ತಾರೆ. ಇತಿಹಾಸಕಾರರು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ.

ಭಾರತೀಯ ಫುಟ್‌ಬಾಲ್ ಕುರಿತ ಮುಖ್ಯ ಅಧ್ಯಯನಗಳಾದ, ಪಾಲ್ ಡಿಮಿಯೊ ಮತ್ತು ಜೇಮ್ಸ್ ಮಿಲ್ಸ್ ಸಂಪಾದಿಸಿದ ‘ಸಾಕರ್ ಇನ್ ಸೌತ್ ಏಷ್ಯಾ’ (2001), ಬೋರಿಯಾ ಮಜುಂದಾರ್ ಮತ್ತು ಕೌಶಿಕ್ ಬಂದ್ಯೋಪಾಧ್ಯಾಯ ಅವರ ‘ಗೋಲ್‌ಲೆಸ್’ (2006), ಕ್ಲಬ್ಬುಗಳನ್ನು ವಸಾಹತುಶಾಹಿ, ಸಮುದಾಯ ಮತ್ತು ವಿಭಜನೆಯ ಹಿನ್ನೆಲೆಯಲ್ಲಿ ನೋಡಿವೆ. ಪ್ರಸ್ತುತ ಲೇಖನದ ಗಮನ ಇನ್ನೂ ಕಿರಿದು: ಅಭಿಮಾನಿಗಳು ತಮ್ಮದೇ ಕ್ಲಬ್ಬಿನ ಹಳೆಯ ತಂಡಗಳನ್ನು ಅಳೆಯುವಾಗ ಬಳಸುವ ಮಾನದಂಡಗಳು ಯಾವುವು, ಅವು ಎಲ್ಲಿಂದ ಬಂದವು? ಒಂದೊಂದು ತಲೆಮಾರೂ ತನ್ನ ಕಾಲ ತನ್ನ ಮುಂದಿಟ್ಟ ಸವಾಲಿಗೆ ಯಾವ ತಂಡ ಉತ್ತರ ಕೊಟ್ಟಿತೋ ಅದನ್ನೇ ದೊಡ್ಡದೆನ್ನುತ್ತದೆ ಎಂಬುದು ಈ ಲೇಖನದ ವಾದ. ಆ ಸವಾಲುಗಳನ್ನು ಬಿಡಿಸಿ ನೋಡಿದರೆ ಹೋಲಿಕೆ ಅಸಾಧ್ಯವೇನಲ್ಲ.

ಐವರ ತಂಡ

ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಬಲ ಅಂಚಿನಿಂದ ಎಡ ಅಂಚಿನವರೆಗೆ ಈ ಐವರು ನಿಂತ ಕ್ರಮ ಇದು. ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್ ಇರುತ್ತಿದ್ದ ಹಳೆಯ ವಿನ್ಯಾಸದಲ್ಲಿ ತಂಡದ ಹೆಚ್ಚುಕಡಿಮೆ ಅರ್ಧ ಬಲ ಮುಂದಿರುತ್ತಿತ್ತು. 1949ರಲ್ಲಿ ಈ ತಂಡ ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್ ಮತ್ತು ಬೊಂಬಾಯಿಯ ರೋವರ್ಸ್ ಕಪ್ ಮೂರನ್ನೂ ಗೆದ್ದಿತು. 1949, 1950, 1951ರಲ್ಲಿ ಸತತ ಮೂರು ಬಾರಿ ಶೀಲ್ಡ್ ಬಂತು. 1951 ಮತ್ತು 1952ರಲ್ಲಿ ಡುರಾಂಡ್ ಕಪ್ ಬಂತು. 1953ರಲ್ಲಿ ಕ್ಲಬ್ ರೊಮೇನಿಯ ಮತ್ತು ಸೋವಿಯತ್ ಒಕ್ಕೂಟದ ಪ್ರವಾಸಕ್ಕೂ ಹೋಯಿತು.

ಐವರೂ ದಕ್ಷಿಣದವರು. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಇಳಿದು 1–2ರಿಂದ ಸೋತರು. ಆ ಪಡೆಯಲ್ಲಿ ಅಹ್ಮದ್ ಮತ್ತು ಧನರಾಜ್ ಇಬ್ಬರೂ ಇದ್ದರು. ಕಾಲಿಗೆ ಅಂಟಿಸಿಕೊಂಡಂತೆ ಚೆಂಡನ್ನು ಒಯ್ಯುತ್ತಿದ್ದ ಅಹ್ಮದ್‌ಗೆ ‘ಹಾವಾಡಿಗ’ ಎಂಬ ಬಿರುದು ಬಂದಿತ್ತು. ಅವರು ಬೆಳೆದ ಬೆಂಗಳೂರಿಗೆ ಅಷ್ಟರಲ್ಲೇ ಗಟ್ಟಿ ಫುಟ್‌ಬಾಲ್ ಪರಂಪರೆಯಿತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ತಂಡ 1946–47ರ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಬಂಗಾಳವನ್ನೇ ಮಣಿಸಿತ್ತು. ಈಸ್ಟ್ ಬೆಂಗಾಲ್ ಕಾರ್ಯದರ್ಶಿ ಜ್ಯೋತಿಷ್ ಗುಹಾ ದಕ್ಷಿಣದತ್ತ ಕಣ್ಣಿಟ್ಟದ್ದು ಆಕಸ್ಮಿಕವಲ್ಲ.

ಈ ತಂಡ ಉತ್ತರ ಕೊಟ್ಟ ಸವಾಲು ಯಾವುದು? 1947ರ ವಿಭಜನೆಯಲ್ಲಿ ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿತು. ಮನೆ, ಜಮೀನು, ಊರು ಬಿಟ್ಟು ಬಂದ ಲಕ್ಷಾಂತರ ಜನ ಕಲ್ಕತ್ತದ ಅಂಚಿನ ಬಿಜೊಯ್‌ಗಢ, ಜಾದವಪುರದಂಥ ಕಡೆ ನಿರಾಶ್ರಿತರ ಕಾಲೊನಿಗಳನ್ನು ಕಟ್ಟಿಕೊಂಡರು. ಅವರು ಬಿಟ್ಟುಬಂದ ನಾಡಿನ ಹೆಸರನ್ನು ಹೊತ್ತ ಕ್ಲಬ್ ಅದೇ ಹೊತ್ತಿಗೆ ನಗರದ ಹಳೆಯ ಪ್ರತಿಷ್ಠಿತ ಕ್ಲಬ್ಬುಗಳನ್ನು ಮೀರಿ ನಿಂತಿತು. ಆ ತಲೆಮಾರಿಗೆ ಈ ತಂಡ ದೊಡ್ಡದಾದದ್ದು ಕಪ್‌ಗಳ ಲೆಕ್ಕದಿಂದಷ್ಟೇ ಅಲ್ಲ. ಈ ಊರಿನಲ್ಲಿ ತಮಗೂ ತಲೆ ಎತ್ತಿ ನಿಲ್ಲುವ ಜಾಗವಿದೆ ಎಂದು ಅದು ತೋರಿಸಿಕೊಟ್ಟಿತು.

ಆದರೆ ಪುರಾವೆಯನ್ನು ಎರಡೂ ಕಡೆಯಿಂದ ನೋಡಬೇಕು. ಈ ತಂಡದ ಕಾಲದಲ್ಲೇ ರಹೀಮ್ ಅವರ ತರಬೇತಿಯ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಸಮಕಾಲೀನರೆಲ್ಲರನ್ನೂ ಈಸ್ಟ್ ಬೆಂಗಾಲ್ ಹಿಂದೆ ಹಾಕಿತ್ತೆಂದು ಹೇಳಲು ಇದು ಅಡ್ಡಬರುತ್ತದೆ. ಇನ್ನೊಂದು ತೊಡಕು ನೆನಪಿನದು. ಟಿವಿ ಇಲ್ಲದ ಕಾಲದ ಆಟ ಪತ್ರಿಕೆಯ ವರದಿಗಳಲ್ಲಿ ಮತ್ತು ನೋಡಿದವರ ಬಾಯಲ್ಲಿ ಉಳಿಯಿತು. ಬಾಯಿಂದ ಬಾಯಿಗೆ ದಾಟುವಾಗ ಮುನ್ಪಡೆಯ ಐವರ ಹೆಸರು ಒಟ್ಟಿಗೆ ಉಳಿದವು. ಹಿಂದೆ ನಿಂತು ಗೋಲು ತಡೆದ ಆರು ಜನ ಮಸುಕಾದರು. ಈಗ ನಾವು ಹೋಲಿಸುತ್ತಿರುವುದು 1949ರ ಇಡೀ ತಂಡವನ್ನಲ್ಲ, ಅದರ ಮುನ್ಪಡೆಯನ್ನು.

ಆರು ವರ್ಷ, ಒಂದು ಸಂಜೆ

ಎಪ್ಪತ್ತರ ದಶಕದ ವಾದಿಗಳ ಬಳಿ ಅಂಕಿಗಳಿವೆ. 1934ರಿಂದ 1938ರವರೆಗೆ ಸತತ ಐದು ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ದಾಖಲೆಯನ್ನು ಈಸ್ಟ್ ಬೆಂಗಾಲ್ 1975ರಲ್ಲಿ ಮುರಿಯಿತು. 1972ರ ಲೀಗ್‌ನಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದಿತು. ಅದೇ ವರ್ಷ ಶೀಲ್ಡ್ ಮತ್ತು ಡುರಾಂಡ್ ಬಂದವು, ರೋವರ್ಸ್ ಕಪ್ಪನ್ನು ನಗರದ ಬದ್ಧ ಎದುರಾಳಿ ಮೋಹನ್ ಬಗಾನ್ ಜೊತೆ ಹಂಚಿಕೊಂಡಿತು. ಹೊರದೇಶದ ತಂಡಗಳೂ ಸೋತವು. 1970ರ ಶೀಲ್ಡ್ ಫೈನಲ್‌ನಲ್ಲಿ ಪರಿಮಳ್ ಡೇ ಹೊಡೆದ ಏಕೈಕ ಗೋಲು ಇರಾನಿನ ಪಾಸ್ ತೆಹ್ರಾನ್ ತಂಡವನ್ನು ಕೆಡವಿತು. 1973ರ ಶೀಲ್ಡ್ ಫೈನಲ್‌ನಲ್ಲಿ ಉತ್ತರ ಕೊರಿಯಾದ ಪ್ಯಾಂಗ್ಯಾಂಗ್ ಸಿಟಿ 1–3ರಿಂದ ಸೋತಿತು.

ಇಷ್ಟಾದರೂ ಅಭಿಮಾನಿಗಳು ಮೊದಲು ಹೇಳುವುದು ಒಂದೇ ಪಂದ್ಯವನ್ನು. 1975ರ ಸೆಪ್ಟೆಂಬರ್ 30, ಶೀಲ್ಡ್ ಫೈನಲ್, ಮೋಹನ್ ಬಗಾನ್ ವಿರುದ್ಧ 5–0. ಸುರಜಿತ್ ಸೇನ್‌ಗುಪ್ತ ಶುರು ಮಾಡಿದರು, ಶ್ಯಾಮ್ ಥಾಪಾ ಎರಡು ಹೊಡೆದರು, ರಂಜಿತ್ ಮುಖರ್ಜಿ ಮತ್ತು ಶುಭಂಕರ್ ಸನ್ಯಾಲ್ ಒಂದೊಂದು. ಆರು ವರ್ಷಗಳ ಸಾಧನೆ ಆ ಒಂದು ಸಂಜೆಯೊಳಗೆ ಅಡಕವಾಗಿಬಿಟ್ಟಿದೆ.

ಹೀಗೆ ಅಡಕವಾದಾಗ ಒಂದು ಮುಖ್ಯ ಸಂಗತಿ ಕಣ್ಮರೆಯಾಗುತ್ತದೆ. 1970ರ ತಂಡವೂ 1975ರ ತಂಡವೂ ಒಂದೇ ಅಲ್ಲ. ಹೈದರಾಬಾದಿನ ಮೊಹಮ್ಮದ್ ಹಬೀಬ್ 1970ರಿಂದ 1974ರವರೆಗೆ ಈ ಯಶಸ್ಸಿನ ಬೆನ್ನೆಲುಬಾಗಿದ್ದರು. 1975ರಲ್ಲಿ ಅವರು ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಹೋಗಿದ್ದರು. ಸುಭಾಷ್ ಭೌಮಿಕ್ 1972ರಲ್ಲಿ ಮೋಹನ್ ಬಗಾನ್ ಪರ ಆಡಿ, 1973ರಲ್ಲಿ ಮರಳಿದರು. ಪ್ರತಿ ವರ್ಷ ಆಟಗಾರರು ಕ್ಲಬ್ ಬದಲಿಸುತ್ತಿದ್ದ ಕಲ್ಕತ್ತದಲ್ಲಿ ಉಳಿದದ್ದು ಆಟದ ಪದ್ಧತಿ. 1972ರಿಂದ ಅದನ್ನು ಕಟ್ಟಿದವರು ಪಿ.ಕೆ. ಬ್ಯಾನರ್ಜಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾಗಿದ್ದ ಅವರು ಆಟಗಾರನಾಗಿ ಕಲ್ಕತ್ತದ ಮೂರು ದೊಡ್ಡ ಕ್ಲಬ್ಬುಗಳಲ್ಲಿ ಯಾವುದಕ್ಕೂ ಸೇರದೆ ಈಸ್ಟರ್ನ್ ರೈಲ್ವೆಯಲ್ಲೇ ಉಳಿದವರು. ಸುಧೀರ್ ಕರ್ಮಕಾರ್ ಅವರಂಥ ಡಿಫೆಂಡರ್ ಹೆಸರು ಮುನ್ಪಡೆಯವರಷ್ಟೇ ಗೌರವದಿಂದ ನೆನಪಿನಲ್ಲಿ ಉಳಿದಿರುವುದು ಈ ತಂಡದ ವಿಶೇಷ. ಆಟದಲ್ಲಿ ರಕ್ಷಣೆಯ ಸ್ಥಾನ ಬದಲಾದದ್ದನ್ನು ಅಭಿಮಾನಿಗಳ ನೆನಪೂ ದಾಖಲಿಸಿದೆ.

ಜಕಾರ್ತ

2003ರ ಹೊತ್ತಿಗೆ ಸವಾಲು ಬೇರೆಯಾಗಿತ್ತು. ಕಲ್ಕತ್ತದಲ್ಲಿ ಗೆಲ್ಲುವುದು ಸಾಲದು, ಭಾರತದ ಕ್ಲಬ್ ಹೊರನೆಲದಲ್ಲಿ ಗೆಲ್ಲಬಲ್ಲುದೇ ಎಂಬುದು ಪ್ರಶ್ನೆ. ಆಟಗಾರನಾಗಿ ಎಪ್ಪತ್ತರ ದಶಕದ ಯಶಸ್ಸು ಕಂಡಿದ್ದ ಸುಭಾಷ್ ಭೌಮಿಕ್ ಈಗ ಕೋಚ್. ಆಸಿಯಾನ್ ಪಂದ್ಯಾವಳಿಯ ಮೊದಲ ಪಂದ್ಯದಲ್ಲಿ ತಂಡ ಥಾಯ್ಲೆಂಡಿನ ಬಿಇಸಿ ತೆರೊ ಸಾಸನಕ್ಕೆ 0–1ರಿಂದ ಸೋತಿತು. ಫಿಲಿಪೈನ್ ಆರ್ಮಿ ವಿರುದ್ಧ ಆರೂ ಗೋಲುಗಳನ್ನು ಬೈಚುಂಗ್ ಭುಟಿಯಾ ಒಬ್ಬರೇ ಹೊಡೆದರು. ಸೆಮಿಫೈನಲ್ ಪೆನಾಲ್ಟಿಗಳಲ್ಲಿ ಇತ್ಯರ್ಥವಾಯಿತು. ಜುಲೈ 26ರ ಫೈನಲ್‌ನಲ್ಲಿ ಅದೇ ತೆರೊ ಸಾಸನ ಎದುರಾಯಿತು. ಮೈಕ್ ಒಕೊರೊ, ಭುಟಿಯಾ, ಆಲ್ವಿಟೊ ಡಿಕುನ್ಹಾ ಗೋಲು ಹೊಡೆದು 3–1ರಿಂದ ಗೆಲ್ಲಿಸಿದರು.

ಈ ಗೆಲುವಿನ ತೂಕ ತಿಳಿಯಲು ಸೋತವರ ಬಲ ನೋಡಬೇಕು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತೆರೊ ಸಾಸನ ಏಷ್ಯಾದ ಚಾಂಪಿಯನ್ಸ್ ಲೀಗ್ ಫೈನಲ್ ಆಡಿ, ಯುಎಇಯ ಅಲ್ ಐನ್‌ಗೆ ಸೋತಿತು. ಏಷ್ಯಾದ ಎರಡನೆಯ ಸ್ಥಾನ ಪಡೆದ ಕ್ಲಬ್ಬನ್ನು ಈಸ್ಟ್ ಬೆಂಗಾಲ್ ಮಣಿಸಿತ್ತು. 2002–03 ಮತ್ತು 2003–04ರ ನ್ಯಾಷನಲ್ ಲೀಗ್ ಕಿರೀಟಗಳು ಇದರ ಎರಡೂ ಬದಿಯಲ್ಲಿವೆ.

ಅಂಕಿಯೇ ಸಾಕೇ?

ಅಭಿಮಾನಿಗಳು ಕಪ್ ಎಣಿಸುವವರಷ್ಟೇ ಅಲ್ಲ ಎಂಬುದಕ್ಕೆ ಎರಡು ಬಲವಾದ ಸಾಕ್ಷಿಗಳಿವೆ.

ಮೊದಲನೆಯದು 2010ರಿಂದ 2017ರವರೆಗಿನ ಕಾಲ. ಆಗ ಈಸ್ಟ್ ಬೆಂಗಾಲ್ ಸತತ ಎಂಟು ಬಾರಿ ಕಲ್ಕತ್ತ ಲೀಗ್ ಗೆದ್ದಿತು. ಅಂಕಿಯಲ್ಲಿ ಇದು ಎಪ್ಪತ್ತರ ದಶಕದ ಆರನ್ನು ಮೀರುತ್ತದೆ. ಆದರೂ ‘ಅತಿ ದೊಡ್ಡ ತಂಡ’ದ ಮಾತಿನಲ್ಲಿ ಈ ಎಂಟಕ್ಕೆ ಆ ಆರರ ಗೌರವ ಸಿಗುವುದಿಲ್ಲ. ದೇಶಮಟ್ಟದ ಲೀಗ್ ಬಂದ ಮೇಲೆ ಕಲ್ಕತ್ತ ಲೀಗ್ ದೇಶದ ಅತ್ಯುತ್ತಮ ಸ್ಪರ್ಧೆಯಾಗಿ ಉಳಿದಿರಲಿಲ್ಲ. ಅಭಿಮಾನಿ ಇದನ್ನು ತಾನಾಗಿಯೇ ಲೆಕ್ಕಕ್ಕೆ ತೆಗೆದುಕೊಂಡು ಅಂಕಿಗೆ ತೂಕ ಕೊಡುತ್ತಾನೆ.

ಎರಡನೆಯದು ಮಜೀದ್ ಬಿಷ್ಕರ್. ಇರಾನಿನ 1978ರ ವಿಶ್ವಕಪ್ ಪಡೆಯಲ್ಲಿದ್ದ ಅವರು 1980ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದರು. ಕ್ಲಬ್ಬಿಗೆ ಬಂದ ವಿದೇಶಿಯರಲ್ಲಿ ಅವರೇ ಶ್ರೇಷ್ಠ ಎನ್ನುವವರು ಬಹಳ. 2019ರಲ್ಲಿ ಶತಮಾನೋತ್ಸವಕ್ಕೆ ಅವರು ಕೋಲ್ಕತ್ತಕ್ಕೆ ಮರಳಿದಾಗ ಹಳೆಯ ಪ್ರೀತಿ ಹಾಗೆಯೇ ಇತ್ತು. ಆದರೆ ಮಜೀದರ ತಂಡವನ್ನು ಯಾರೂ ಮೇಲಿನ ಮೂರರ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಶ್ರೇಷ್ಠ ಆಟಗಾರ ಬೇರೆ, ಶ್ರೇಷ್ಠ ತಂಡ ಬೇರೆ ಎಂಬ ವಿವೇಕ ಅಭಿಮಾನಿಗಳ ಮಾತಿನಲ್ಲಿ ಸ್ಪಷ್ಟವಾಗಿದೆ.

ತೀರ್ಮಾನ

ಮೇಲಿನ ಚರ್ಚೆಯಿಂದ ಮೂರು ಮಾನದಂಡಗಳು ಹೊರಬರುತ್ತವೆ: ಸಮಕಾಲೀನರಿಗಿಂತ ತಂಡ ಎಷ್ಟು ಮುಂದಿತ್ತು, ಹೊರಗಿನ ಎದುರಾಳಿ ಎಷ್ಟು ಬಲಶಾಲಿ, ಮುಂದಿನ ತಂಡಗಳಿಗೆ ಅದು ಏನು ಬಿಟ್ಟುಹೋಯಿತು. ಮೊದಲನೆಯದರಲ್ಲಿ 1970–75ರ ತಂಡಕ್ಕೆ ಸಾಟಿಯಿಲ್ಲ. ದೇಶದ ಅತ್ಯುತ್ತಮ ಕ್ಲಬ್ಬುಗಳು ಕಲ್ಕತ್ತದಲ್ಲಿದ್ದಾಗ ಅದು ಅಲ್ಲಿ ಆರು ವರ್ಷ ಆಳಿತು. ಎರಡನೆಯದರಲ್ಲಿ 2003ರ ತಂಡ ಮುಂದು, ಏಕೆಂದರೆ ಅದು ಪರನೆಲದಲ್ಲಿ, ಮೊದಲು ತನ್ನನ್ನು ಸೋಲಿಸಿದ ಬಲಿಷ್ಠ ತಂಡವನ್ನೇ ಫೈನಲ್‌ನಲ್ಲಿ ಗೆದ್ದಿತು.

ಮೂರನೆಯ ಮಾನದಂಡ ಅಭಿಮಾನಿಗಳ ವಾದದಲ್ಲಿ ಕಡಿಮೆ ಕೇಳಿಬರುತ್ತದೆ. ನನ್ನ ದೃಷ್ಟಿಯಲ್ಲಿ ಅದಕ್ಕೇ ಹೆಚ್ಚು ತೂಕ. ಹೊರಗಿನ ಆಟಗಾರರನ್ನು ಕರೆತರುವ ರೂಢಿ ಕ್ಲಬ್ಬಿನಲ್ಲಿ 1949ಕ್ಕಿಂತ ಹಳೆಯದು. ಆದರೆ ನೆಲೆ ಕಳೆದುಕೊಂಡ ಬಂಗಾಳಿಗಳ ಹೆಮ್ಮೆಯನ್ನು ಬಂಗಾಳಿಗಳಲ್ಲದ ಐವರು ಹೊತ್ತು ಗೆಲ್ಲಿಸಿದ್ದು ಈ ರೂಢಿಯನ್ನು ಕ್ಲಬ್ಬಿನ ಸ್ವಭಾವವನ್ನಾಗಿ ಮಾಡಿತು. ಊರು, ಭಾಷೆ, ಧರ್ಮ ಯಾವುದೇ ಇರಲಿ, ಕೆಂಪು-ಚಿನ್ನದ ಅಂಗಿ ತೊಟ್ಟು ಆಡಿದವನು ನಮ್ಮವನು ಎಂದು ಜನ ಒಪ್ಪಿಕೊಂಡರು. ಹೈದರಾಬಾದಿನ ಹಬೀಬ್, ಸಿಕ್ಕಿಮ್ಮಿನ ಭುಟಿಯಾ, ಗೋವಾದ ಆಲ್ವಿಟೊ, ನೈಜೀರಿಯಾದ ಒಕೊರೊ, ಬ್ರೆಜಿಲ್‌ನ ಡಗ್ಲಸ್ ಡ ಸಿಲ್ವಾ ಇವರೆಲ್ಲ ಈಸ್ಟ್ ಬೆಂಗಾಲ್‌ನವರಾದದ್ದು ಆ ಒಪ್ಪಿಗೆಯ ಬಲದಿಂದ. ಎಪ್ಪತ್ತರ ದಶಕದ ತಂಡವನ್ನೂ ಜಕಾರ್ತದ ತಂಡವನ್ನೂ ಸಾಧ್ಯವಾಗಿಸಿದ ಕಾರಣಕ್ಕೆ 1949–53ರ ತಂಡವನ್ನು ಮೂರರಲ್ಲಿ ಮೊದಲನೆಯದೆಂದು ಎಣಿಸಬೇಕು. ಆ ತಂಡದಲ್ಲಿ ಬೆಂಗಳೂರಿನ ಪಾಲೂ ಇತ್ತು ಎಂಬುದು ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಈಗ ದೊರೆತಿರುವುದಕ್ಕಿಂತ ದೊಡ್ಡ ಸ್ಥಾನಕ್ಕೆ ಅರ್ಹವಾದ ಸಂಗತಿ.